ಕಣ್ಣಿಲ್ಲದ ಧ್ವಜಧಾರಿ

"ನೀವು... ನೀವು ಹುಷಾರಾಗಿದ್ದೀರಾ?"

ಹೆಸ್ಟರ್ ತಲೆ ಎತ್ತಿದಳು. ಎದುರಿಗೆ ನಿಂತವನನ್ನು ಅವಳು ಜನ್ಮದಲ್ಲಿ ನೋಡಿರಲಿಲ್ಲ. ನಲವತ್ತರ ಆಸುಪಾಸು, ಎತ್ತರದ ತೆಳ್ಳನೆಯ ಆಳು, ಉಗುರಿನ ಸಂದಿಯಲ್ಲೆಲ್ಲ ಕೆಂಪು ಬಣ್ಣ. ಮುಖ ಮಾತ್ರ ಸತ್ತವರು ಎದ್ದು ಬಂದದ್ದನ್ನು ಕಂಡವನಂತೆ ಬಿಳಿಚಿಕೊಂಡಿತ್ತು.

"ಹುಷಾರಾಗೇ ಇದ್ದೀನಿ. ಯಾಕೆ, ಹಾಗೆ ಕಾಣಲ್ವಾ?"

ನಾಟಿಂಗ್‌ಹ್ಯಾಮ್‌ನ ಆ ದೊಡ್ಡ ಕ್ರೀಡಾ ಸಭಾಂಗಣದಲ್ಲಿ ಅವತ್ತು ಕಾಲಿಡಲು ಜಾಗವಿರಲಿಲ್ಲ. ಪ್ರತಿ ಮೇಜಿನ ಮೇಲೂ ಹಸಿರು ಗುಡ್ಡ, ಪುಟ್ಟ ಕೋಟೆ, ಅರ್ಧ ಬೆರಳುದ್ದದ ಸೀಸದ ಸೈನಿಕರು. ದಾಳ ಉರುಳಿಸಿ, ಅಳತೆಪಟ್ಟಿ ಎಳೆದು, ಐನೂರು ವರ್ಷದ ಹಿಂದೆ ಮುಗಿದುಹೋದ ಯುದ್ಧಗಳನ್ನು ಮತ್ತೆ ಆಡುವ ಜನ ಇವರು. ಅವರ ಸೈನಿಕರಿಗೆ ಬಣ್ಣ ಹಚ್ಚಿ ಕೊಡುವುದೇ ಹೆಸ್ಟರ್‌ಳ ಹೊಟ್ಟೆಪಾಡು. ಇಂಥ ಪ್ರದರ್ಶನಗಳಲ್ಲಿ ಮೂಲೆಯ ಮೇಜಿನಲ್ಲಿ ಕುಳಿತು, ಎಲ್ಲರೆದುರು ಬಣ್ಣ ಹಚ್ಚಿ ತೋರಿಸುತ್ತಿದ್ದಳು.

"ಏಪ್ರಿಲ್ ಪ್ರದರ್ಶನಕ್ಕೆ ನೀವು ಬರಲಿಲ್ಲ," ಅಂದ ಅವನು.

"ಮೆಟ್ಟಿಲ ಮೇಲೆ ಜಾರಿ ಮಣಿಕಟ್ಟು ಮುರ್ಕೊಂಡಿದ್ದೆ."

"ಅಷ್ಟೇನಾ?"

"ಅಷ್ಟೇನಾ ಅಂದ್ರೆ? ಕತ್ತು ಮುರ್ಕೋಬೇಕಿತ್ತಾ?"

ಅವನು ನಗಲಿಲ್ಲ. ಎಷ್ಟೋ ತಿಂಗಳಿಂದ ಹಿಡಿದಿಟ್ಟಿದ್ದ ಉಸಿರನ್ನು ಒಮ್ಮೆಲೇ ಬಿಟ್ಟ ಹಾಗೆ ಅವನ ಭುಜಗಳು ಇಳಿದವು.

"ಸದ್ಯ... ಸದ್ಯ!" ಅಂದವನೇ ಜನರ ನಡುವೆ ನುಗ್ಗಿ ಹೋಗಿಬಿಟ್ಟ.

'ಎಂಥ ಮನುಷ್ಯ! ಹೆಸರಾದರೂ ಹೇಳಬಾರದಾ?'

ಸಿಟ್ಟು ಬರಬೇಕಿತ್ತು. ಬರಲಿಲ್ಲ. ನಾಲ್ಕು ವರ್ಷದಿಂದ ಒಂಟಿಯಾಗಿದ್ದ ಅವಳನ್ನು ಹೀಗೆ ಜೀವ ಕೈಯಲ್ಲಿ ಹಿಡಿದು 'ಹುಷಾರಾಗಿದ್ದೀರಾ' ಎಂದು ಯಾರೂ ಕೇಳಿರಲಿಲ್ಲ. ಆ ದಿನವೆಲ್ಲ ಆ ದನಿ ಅವಳ ಕಿವಿಯಲ್ಲೇ ಇತ್ತು.

ಹೊರಡುವ ಮುಂಚೆ, ಹಳೆಯ ಸೈನ್ಯಗಳನ್ನು ಮಾರುವ ಮೇಜಿನ ಹತ್ತಿರ ಅವಳ ಕಾಲು ನಿಂತುಬಿಟ್ಟಿತು. ಮರದ ಪೆಟ್ಟಿಗೆಯೊಂದರಲ್ಲಿ ಎಂಬತ್ತು ಮಂದಿ. ಇಂಗ್ಲೆಂಡಿನ ಹಳೆಯ ಗುಲಾಬಿ ಯುದ್ಧದಲ್ಲಿ ಕೆಂಪು ಗುಲಾಬಿ ಕಡೆಯ ಬಿಲ್ಲುಗಾರರು, ಕೊಡಲಿಯವರು, ಕವಚದ ಸರದಾರರು. ಅಬ್ಬಾ, ಆ ಮುಖಗಳು! ಒಂದರಂತೆ ಇನ್ನೊಂದಿಲ್ಲ. ಒಬ್ಬ ಯಾವುದೋ ಹಳೆಯ ನೋವನ್ನು ನುಂಗಿಕೊಂಡಿದ್ದಾನೆ, ಇನ್ನೊಬ್ಬ ಈಗಷ್ಟೇ ಯಾರನ್ನೋ ರೇಗಿಸಿ ನಗು ತಡೆದಿದ್ದಾನೆ.

"ಯಾರದು ಬ್ಯಾರಿ, ಇದು?"

"ಆಗ್ಲೇ ನಿನ್ನ ಮೇಜಿನ ಹತ್ರದಿಂದ ಓಡಿದ್ನಲ್ಲ, ಡಂಕನ್, ಅವನದೇ ಕಣಮ್ಮ," ಅಂದ ಮಾರುತ್ತಿದ್ದ ಮುದುಕ ಬ್ಯಾರಿ. "ಹದಿನೈದು ವರ್ಷದ ಕೆಲಸ. ಬೆಳಿಗ್ಗೆ ತಂದು ಇಟ್ಟ. ಎಷ್ಟಕ್ಕಾದ್ರೂ ಕೊಡು, ನನ್ನ ಕಣ್ಣೆದುರಿಂದ ಹೋದ್ರೆ ಸಾಕು ಅಂದ."

"ಯಾಕಂತೆ?"

"ಯಾರಿಗ್ಗೊತ್ತು? ಹೆಂಡ್ತಿ ಬೈದ್ಲು ಅಂತ ಮಾರೋರನ್ನ ನೋಡಿದ್ದೀನಿ. ಇವನಿಗೆ ಅದೂ ಇಲ್ಲ! ನೋಡು, ಆ ಬಾವುಟ ಹಿಡಿದವನಿಗೆ ಕಣ್ಣೇ ಬಿಡಿಸಿಲ್ಲ. ಅದೊಂದು ನೀನೇ ಬಿಡಿಸ್ಕೋ."

ಹೆಸ್ಟರ್ ಪೆಟ್ಟಿಗೆ ಕೊಂಡಳು. ಎಂದಿನಂತೆ ತನ್ನ ವಿಳಾಸದ ಚೀಟಿಯನ್ನು ಬ್ಯಾರಿಯ ಮೇಜಿನ ಮೇಲಿಟ್ಟು ಮನೆಗೆ ಬಂದಳು.

ಮರುದಿನ ಭಾನುವಾರ. ಊರಂಚಿನ ಬೀಸ್ಟನ್‌ನ ಅವಳ ಮಹಡಿ ಮನೆಯ ಕಿಟಕಿಗೆ ಬೆಳಿಗ್ಗೆಯಿಂದ ಮಂಜು ಮೆತ್ತಿಕೊಂಡು ಕೂತಿತ್ತು. ಎದುರು ಮನೆಯೂ ಕಾಣದು, ಚರ್ಚಿನ ಗಂಟೆಯೂ ಕೇಳದು.

ಎಂಬತ್ತು ಮಂದಿಯನ್ನೂ ಮೇಜಿನ ಮೇಲೆ ಸಾಲಾಗಿ ನಿಲ್ಲಿಸಿ, ಧ್ವಜಧಾರಿಯನ್ನು ಹಿಡಿಕೆಗೆಂದು ಒಂದು ಕಾರ್ಕಿಗೆ ಅಂಟಿಸಿ ಕೈಗೆತ್ತಿಕೊಂಡಳು.

ಬಣ್ಣ ಹಚ್ಚುವವರಲ್ಲಿ ಎರಡು ಪಂಗಡ. ಒಂದು ಕಣ್ಣನ್ನು ಎಲ್ಲಕ್ಕಿಂತ ಕೊನೆಗೆ ಬಿಡಿಸುತ್ತದೆ, ನಮ್ಮ ಶಿಲ್ಪಿಗಳು ಮೂರ್ತಿಗೆ ಕೊನೆಗೆ ಕಣ್ಣು ತೆರೆಸುವ ಹಾಗೆ. ಇನ್ನೊಂದು ಮೊದಲೇ ಬಿಡಿಸಿ ಮುಗಿಸುತ್ತದೆ, ತಪ್ಪಿದರೆ ತಿದ್ದಲು ಸುಲಭ ಎಂದು. ಹೆಸ್ಟರ್ ಎರಡನೆಯ ಪಂಗಡ. ದಿನಕ್ಕೆ ಇಪ್ಪತ್ತು ಜೊತೆ ಕಣ್ಣು ಬಿಡಿಸುವ ಕೈ ಅದು. ಭೂತಗನ್ನಡಿಯ ಕೆಳಗೆ ಅವಳಿಗೆ ಮುಖ ಕಾಣುವುದಿಲ್ಲ, ಸಾಸಿವೆಯಷ್ಟು ಎರಡು ಗುಳಿ ಮಾತ್ರ ಕಾಣುತ್ತವೆ.

ಬಿಳಿಯ ಒಂದು ಗೀರು. ಅದರ ಮೇಲೆ ಕಪ್ಪು ಚುಕ್ಕೆ. ಇನ್ನೊಂದು ಗೀರು, ಇನ್ನೊಂದು ಚುಕ್ಕೆ.

ಮುಗಿಯಿತು. ಭೂತಗನ್ನಡಿ ಸರಿಸಿ ಕಾರ್ಕನ್ನು ತೋಳಿನಳತೆ ದೂರ ಹಿಡಿದಳು.

ಮತ್ತೆ ಹತ್ತಿರ ತಂದು ನೋಡಿದಳು.

ಅಗಲ ಹಣೆ. ಸ್ವಲ್ಪ ಓರೆಯಾದ ಬಾಯಿ. ಎಡ ಹುಬ್ಬನ್ನು ಎರಡಾಗಿ ಸೀಳಿದ ಗಾಯದ ಗುರುತು...

ಅವಳ ಬೆರಳು ತಾನಾಗಿ ತನ್ನ ಎಡ ಹುಬ್ಬಿಗೆ ಹೋಯಿತು. ಏಳು ವರ್ಷದವಳಿದ್ದಾಗ ಸೈಕಲ್ಲಿನಿಂದ ಬಿದ್ದು ಆದ ಗಾಯ ಅಲ್ಲೇ ಇತ್ತು.

'ನಾನು! ಇದು ನಾನೇ!'

ಸೀಸ ಕೈಯಲ್ಲಿದ್ದರೆ ಬೇಗ ಬೆಚ್ಚಗಾಗುತ್ತದೆ. ಇದು ಆಗಲಿಲ್ಲ. ಅವಳು ಅಂಗೈಯಲ್ಲಿ ಮುಚ್ಚಿ ಹಿಡಿದಷ್ಟೂ ಅದು ತಣ್ಣಗಾಗುತ್ತಲೇ ಹೋಯಿತು. ಆ ತಣ್ಣನೆ ಬೆರಳಿನಿಂದ ಹತ್ತಿ, ಕೂಡಿಕೊಂಡಿದ್ದ ಮಣಿಕಟ್ಟಿನ ಮೂಳೆಗೆ ಬಂದು ನಿಂತಿತು. ಆರು ತಿಂಗಳ ಮೇಲೆ ಆ ಮೂಳೆ ಮತ್ತೆ ನೋಯತೊಡಗಿತು.

ಮೇಜಿನ ಮೇಲಿನ ಎಪ್ಪತ್ತೊಂಬತ್ತು ಮಂದಿ ತಮ್ಮ ಸಾಲಿನ ನಡುವೆ ಖಾಲಿ ಬಿಟ್ಟಿದ್ದ ಒಂದು ಜಾಗವನ್ನು ತೋರಿಸುತ್ತ ನಿಂತಿದ್ದರು. ಅವಳಿಗೆ ಹಾಗನ್ನಿಸಿತು. ಕೆಳಗಿನ ಮನೆಯ ನಾಯಿ ಒಂದೇ ಸಮನೆ ಕುಂಯ್‌ಗುಟ್ಟಲು ಶುರುಮಾಡಿತು.

ಕರೆಗಂಟೆ ಸದ್ದಾಯಿತು.

ಬಾಗಿಲಲ್ಲಿ ಡಂಕನ್. ಕೂದಲೆಲ್ಲ ಮಂಜಿನ ಹನಿ, ಕೈಯಲ್ಲಿ ಅವಳು ಬ್ಯಾರಿಯ ಮೇಜಿನ ಮೇಲಿಟ್ಟಿದ್ದ ವಿಳಾಸದ ಚೀಟಿ. ನಮಸ್ಕಾರವಿಲ್ಲ, ಕ್ಷಮಿಸಿ ಅನ್ನಲಿಲ್ಲ.

"ಆ ಧ್ವಜಧಾರಿ! ಅವನಿಗೆ ಕಣ್ಣು ಬಿಡಿಸಬೇಡಿ. ದಯವಿಟ್ಟು... ಬಿಡಿಸಿಲ್ಲ ತಾನೆ?"

"ಬಿಡಿಸಾಯ್ತು."

ಅವನು ಬಾಗಿಲ ಚೌಕಟ್ಟನ್ನು ಹಿಡಿದುಕೊಂಡ.

ಹೆಸ್ಟರ್‌ಗೆ ಈಗ ಸಿಟ್ಟು ನೆತ್ತಿಗೇರಿತು. "ನನ್ನ ಮುಖ ಬರೆಯೋಕೆ ನೀವು ಯಾರ್ರೀ? ನನ್ನ ಕೇಳಿದ್ರಾ? ಎಷ್ಟು ದಿನದಿಂದ ಕದ್ದು ನೋಡ್ತಿದ್ರಿ?"

"ಒಂದೇ ದಿನ. ಹೋದ ವರ್ಷ, ಇದೇ ಪ್ರದರ್ಶನದಲ್ಲಿ. ಜನರ ಹಿಂದೆ ಅರ್ಧ ಗಂಟೆ ನಿಂತಿದ್ದೆ. ಮಾತಾಡೋಕೆ ಧೈರ್ಯ ಬರಲಿಲ್ಲ. ಮನೆಗೆ ಹೋಗಿ ಬ್ರಷ್ ಹಿಡಿದೆ... ನಿಮ್ಮ ಮುಖ ಬಂತು. ಬರೀಬೇಕು ಅಂತ ಬರೆದಿದ್ದಲ್ಲ."

"ಚೆನ್ನಾಗಿದೆ! ಬರೆದು, ಬೇಜಾರಾಗಿ, ಮಾರಿಬಿಟ್ರಿ!"

"ಬೇಜಾರಾಗಿ ಅಲ್ಲ, ಹೆದರಿ!"

ಅವನು ಮೇಜಿನ ಹತ್ತಿರ ಬಂದ. ಬೆರಳು ತಾಗಿಸದೆ ಒಬ್ಬೊಬ್ಬರನ್ನೇ ತೋರಿಸಿದ.

"ಇಲ್ಲಿ ಹೆಚ್ಚಿನವು ಕಲ್ಪನೆಯ ಮುಖಗಳು. ಈ ಕೊಡಲಿಯವನು ನಮ್ಮಪ್ಪ. ಕ್ರಿಸ್ಮಸ್ ದಿನ ಕಣ್ಣಿಟ್ಟೆ. ಹೊಸ ವರ್ಷ ನೋಡಲಿಲ್ಲ. ಈ ಬಿಲ್ಲುಗಾರ ನಮ್ಮ ಕ್ಲಬ್ಬಿನ ಆಲನ್. ಕಣ್ಣಿಟ್ಟು ಎರಡು ವಾರಕ್ಕೆ ಬಸ್ ಸ್ಟಾಪಿನಲ್ಲಿ ನಿಂತ ಹಾಗೇ ಕುಸಿದ."

"ವಯಸ್ಸಾಗಿತ್ತೇನೋ ಅವರಿಗೆಲ್ಲ..."

"ನಾನೂ ಹಾಗೇ ಅಂದ್ಕೊಂಡೆ, ಹೆಸ್ಟರ್. ಅದಕ್ಕೇ ಮೂರನೆಯವನನ್ನ ಬರೆದೆ."

ಕೆಳಗೆ ನಾಯಿ ಇನ್ನೂ ಕುಂಯ್‌ಗುಟ್ಟುತ್ತಲೇ ಇತ್ತು. ಹೆಸ್ಟರ್‌ಳ ಗಂಟಲಲ್ಲಿ ಬೆಳಿಗ್ಗೆ ಇಲ್ಲದ ಒಂದು ಒಣಕೆಮ್ಮು.

'ಇಲ್ಲ... ಇದೆಲ್ಲ ಹುಚ್ಚು. ಅಳಿಸಿದರೆ ಮುಗಿಯಿತು!'

ಅವಳು ಕಪಾಟಿನಿಂದ ಡೆಟಾಲ್ ಸುರಿದಿದ್ದ ಗಾಜಿನ ಜಾಡಿಯನ್ನು ಎಳೆದಳು. ಕೆಟ್ಟ ಬಣ್ಣ ಕಿತ್ತುಹಾಕಲು ಈ ಕಸುಬಿನವರ ಮನೆಯಲ್ಲಿ ಅದು ಇದ್ದೇ ಇರುತ್ತದೆ. ಒಂದು ದಿನ ಮುಳುಗಿಸಿಟ್ಟರೆ ಸಾಕು, ಹುಬ್ಬು, ಕಣ್ಣು, ಎಲ್ಲ ಕಲಸಿ ಇಳಿದುಹೋಗುತ್ತದೆ. ಧ್ವಜಧಾರಿಯನ್ನು ಜಾಡಿಯ ಮೇಲೆ ಹಿಡಿದಳು.

"ಬೇಡ!"

ಡಂಕನ್ ಅವಳ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಬಿಟ್ಟಿದ್ದ.

"ಮೂರನೆಯವನು ನನ್ನ ಅಣ್ಣ, ಸ್ಟೀಫನ್," ಅಂದ. ದನಿ ಒಡೆದಿತ್ತು. "ಅವನು ಆಸ್ಪತ್ರೆ ಸೇರಿದ ದಿನ ನಾನೂ ಇದೇ ಮಾಡಿದೆ. ಇದೇ ಥರ ಜಾಡಿ. ಅವನ ಮುಖ ಸುಲಿದು ಬರೋದನ್ನ ನೋಡ್ತಾ ಕೂತಿದ್ದೆ. ಉಳೀತಾನೆ ಅಂತ ನಂಬಿ! ಬಾಯಿ ಹೋಯ್ತು, ಮೂಗು ಹೋಯ್ತು... ಕಣ್ಣು ಹೋದ ಹೊತ್ತಿಗೆ ಆಸ್ಪತ್ರೆಯಿಂದ ಫೋನ್ ಬಂತು."

ಹೆಸ್ಟರ್ ಇನ್ನೊಂದು ಕೈಯಿಂದ ಜಾಡಿಯನ್ನು ದೂರ ಸರಿಸಿದಳು. ಕಣ್ಣಿಟ್ಟರೂ ಸಾವು, ಅಳಿಸಿದರೂ ಸಾವು. ಮತ್ತೆ ಇವನು ಇಲ್ಲಿಗೆ ಬಂದದ್ದು ಯಾಕೆ?

ಅದನ್ನೇ ಕೇಳಿದಳು.

"ಗೊತ್ತಿಲ್ಲ," ಅಂದ ಅವನು. "ಕಣ್ಣಿಟ್ಟಿರದಿದ್ರೆ ತಡೀಬಹುದು ಅಂತ ಬಂದೆ. ಇಟ್ಟಾಗಿದೆ. ಈಗ... ನಿಮ್ಮನ್ನ ಒಬ್ಬರನ್ನೇ ಬಿಟ್ಟು ಹೋಗೋಕೆ ಆಗ್ತಿಲ್ಲ. ಒಂದು ವರ್ಷ ದಿನಾ ಬ್ರಷ್ ಎತ್ತಿ ಇಳಿಸಿದ್ದೀನಿ. ಆ ಮುಖ ನನ್ನ ನೋಡಬೇಕು ಅಂತ ಎಷ್ಟು ಆಸೆಯಿತ್ತು ಗೊತ್ತಾ? ಏಪ್ರಿಲ್‌ನಲ್ಲಿ ನೀವು ಬರದಿದ್ದಾಗ, ಕಣ್ಣಿಡದೇ ಕೊಂದೆನಾ ಅಂತ ನಾನೇ ಅರ್ಧ ಸತ್ತೆ."

ಅವನು ಇನ್ನೂ ಅವಳ ಕೈ ಬಿಟ್ಟಿರಲಿಲ್ಲ. ಆ ಮನೆಯಲ್ಲಿ ಅದೊಂದೇ ಬೆಚ್ಚಗಿತ್ತು.

ಹೆದರಿಕೆಯ ನಡುವೆಯೂ ಕಸುಬಿನವಳ ಕಣ್ಣು ಸುಮ್ಮನಿರುತ್ತದೆಯೇ? ಅವಳು ಸಾಲುಗಳನ್ನು ಮತ್ತೊಮ್ಮೆ ನೋಡಿದಳು. ಏನೋ ಕಡಿಮೆಯಿತ್ತು. ಈ ಆಟದವರಲ್ಲಿ ಒಂದು ರೂಢಿಯುಂಟು. ಸೈನ್ಯ ಯಾರದೋ, ದಂಡನಾಯಕನಿಗೆ ಅವರದೇ ಮುಖ. ಬೋಳುತಲೆಯ ಬ್ಯಾರಿಯ ದಂಡನಾಯಕನೂ ಬೋಳುತಲೆಯವನೇ.

"ನಿಮ್ಮ ದಂಡನಾಯಕ ಎಲ್ಲಿ?"

ಡಂಕನ್ ಮುಖ ತಿರುಗಿಸಿದ. ಆಮೇಲೆ ನಿಧಾನವಾಗಿ ಕೋಟಿನ ಒಳಜೇಬಿನಿಂದ ಒಂದು ಬಟ್ಟೆಯ ಗಂಟು ತೆಗೆದ. ಒಳಗೆ ಕುದುರೆಯೇರಿದ ಸರದಾರ. ಬರೀ ಕಪ್ಪು ತಳಬಣ್ಣ, ಮುಖವೇ ಇಲ್ಲ.

"ಬರೆಯೋಕೂ ಧೈರ್ಯ ಬರಲಿಲ್ಲ. ಮಾರೋಕೂ ಬರಲಿಲ್ಲ."

"ಅಪ್ಪನ್ನ ಬರೆದ್ರಿ, ಸ್ನೇಹಿತನ್ನ ಬರೆದ್ರಿ, ಅಣ್ಣನ್ನ ಬರೆದ್ರಿ, ನನ್ನನ್ನೂ ಬರೆದ್ರಿ. ನಿಮ್ಮನ್ನ ಬಿಟ್ಟು!"

"ಹೌದು."

"ಎಲ್ಲರನ್ನೂ ಮುಂದೆ ಕಳಿಸಿ ನೀನು ಹಿಂದೆ ನಿಂತುಬಿಟ್ಟೆ!" ಅವಳಿಗೇ ತಿಳಿಯದೆ ಬಹುವಚನ ಬಿದ್ದುಹೋಗಿತ್ತು. "ಒಡೆಯನೇ ಬರದ ದಂಡು ಇದು, ಡಂಕನ್. ಇವರೆಲ್ಲ ಯಾರನ್ನ ನೋಡ್ಕೊಂಡು ನಿಲ್ಲಬೇಕಿತ್ತು?"

ಅವನು ತಲೆ ತಗ್ಗಿಸಿದ. ಹೆಸ್ಟರ್ ಕುರ್ಚಿಯೊಂದನ್ನು ದೀಪದ ಕೆಳಗೆ ಎಳೆದಳು.

"ಕೂತ್ಕೋ."

"ನಿನಗೆ ಹುಚ್ಚಾ?"

"ಇರಬಹುದು. ಬಾಗಿಲು ತೆರೆದೇ ಇದೆ. ಹೋಗೋದಾದ್ರೆ ಈಗಲೇ ಹೋಗು. ಇರೋದಾದ್ರೆ ಕೂತ್ಕೊಂಡು ಬೆಳಕಿಗೆ ಮುಖ ಕೊಡು."

ಅವನು ಬಾಗಿಲನ್ನು ನೋಡಿದ. ಅಲ್ಲಿ ಮೆಟ್ಟಿಲ ತನಕ ಮಂಜು ಹತ್ತಿ ಬಂದಿತ್ತು. ಅವಳನ್ನು ನೋಡಿದ. ಹೋಗಿ ಬಾಗಿಲು ಮುಚ್ಚಿ, ಕೋಟು ಕಳಚಿ, ಬಂದು ಕುಳಿತ.

ಎರಡು ಗಂಟೆ ಅವಳು ಅವನ ಮುಖ ನೋಡಿ ನೋಡಿ ದಂಡನಾಯಕನಿಗೆ ಬಣ್ಣ ಹಚ್ಚಿದಳು. ಅವನ ಉದ್ದ ಗಲ್ಲ, ಕಣ್ಣ ಕೆಳಗಿನ ನಿದ್ದೆಗೆಟ್ಟ ಕಪ್ಪು, ಕಿವಿಯ ಹತ್ತಿರದ ನರೆ. ನೋಡುತ್ತ ನೋಡುತ್ತ ಅವಳಿಗೆ ಗೊತ್ತಾಯಿತು, ಹೀಗೆ ಒಬ್ಬರನ್ನು ಅರ್ಧ ಗಂಟೆ ನೋಡಿದರೂ ಸಾಕು, ಮರೆಯಲು ಆಗುವುದಿಲ್ಲ. ಹೋದ ವರ್ಷ ಇವನಿಗೆ ಆದದ್ದೂ ಇದೇ. ಪಾಪದ ಮನುಷ್ಯ! ಮೊದಲ ಸಲ ಅವಳು ಕಣ್ಣನ್ನು ಕೊನೆಗೆ ಉಳಿಸಿದಳು.

ಆಮೇಲೆ ಬ್ರಷ್ಷನ್ನು ಅವನ ಕಡೆ ಚಾಚಿದಳು.

"ಇದು ನಿನ್ನ ಕೆಲಸ."

"ನಾನು..."

"ಅವರ ಮೂವರ ಕಣ್ಣನ್ನೂ ನೀನು ಇಟ್ಟೆ. ನನ್ನ ಕಣ್ಣು ಮಾತ್ರ ನಾನೇ ಇಟ್ಕೊಂಡೆ. ಅದರಿಂದ ಏನಾದ್ರೂ ಬದಲಾಗುತ್ತಾ, ನನಗೆ ಗೊತ್ತಿಲ್ಲ. ನಿನ್ನದು ನೀನು ಇಟ್ಕೋ."

ಭೂತಗನ್ನಡಿಯ ಕೆಳಗೆ ಅವನ ಕೈ ಎಲೆಯಂತೆ ನಡುಗುತ್ತಿತ್ತು. ಹೆಸ್ಟರ್ ಹಿಂದಿನಿಂದ ಬಗ್ಗಿ, ನೋಯುತ್ತಿದ್ದ ತನ್ನ ಕೈಯನ್ನು ಅವನ ಕೈಯ ಕೆಳಗೆ ಆಸರೆಯಾಗಿ ಇಟ್ಟಳು. ಬಿಳಿಯ ಗೀರು. ಕಪ್ಪು ಚುಕ್ಕೆ. ಇನ್ನೊಂದು ಗೀರು.

ಕೊನೆಯ ಚುಕ್ಕೆಗೆ ಮುಂಚೆ ಅವನು ನಿಲ್ಲಿಸಿದ.

"ಹೆದರಿಕೆ ಆಗ್ತಿದೆ, ಹೆಸ್ಟರ್."

"ನನಗೂ."

"ನಿನ್ನ ಪ್ರೀತಿಸ್ತೀನಿ. ಇದನ್ನ ಹೋದ ವರ್ಷವೇ ಬಾಯಲ್ಲಿ ಹೇಳಬೇಕಿತ್ತು."

"ಹೇಳಬೇಕಿತ್ತು ದಡ್ಡ! ಒಂದು ವರ್ಷ ಹೆಚ್ಚು ಸಿಗ್ತಿತ್ತು."

ಅವನು ಚುಕ್ಕೆ ಇಟ್ಟ. ಇಬ್ಬರೂ ಉಸಿರು ಹಿಡಿದು ಕಾದರು. ಏನೂ ಆಗಲಿಲ್ಲ. ಕೆಳಗೆ ನಾಯಿ ಯಾವಾಗ ಸುಮ್ಮನಾಯಿತೋ ಇಬ್ಬರಿಗೂ ತಿಳಿಯಲಿಲ್ಲ. ಹೆಸ್ಟರ್ ದಂಡನಾಯಕನನ್ನು ಎತ್ತಿ ಸಾಲುಗಳ ಮುಂದಕ್ಕೆ, ಧ್ವಜಧಾರಿಯ ಪಕ್ಕದಲ್ಲಿ ನಿಲ್ಲಿಸಿದಳು.

"ಎಷ್ಟು ದಿನ ಸಿಗುತ್ತೋ ಗೊತ್ತಿಲ್ಲ," ಅಂದ ಡಂಕನ್ ಮೆಲ್ಲಗೆ.

"ಯಾರಿಗೆ ತಾನೇ ಗೊತ್ತಿರುತ್ತೆ?" ಅವಳು ಅವನ ಭುಜಕ್ಕೆ ಗಲ್ಲವೂರಿದಳು. "ಇವತ್ತು ಇದೆಯಲ್ಲ. ಟೀ ಮಾಡ್ಲಾ?"

"ಮಾಡು. ಆದ್ರೆ ಸ್ವಲ್ಪ ಹೊತ್ತು ಬಿಟ್ಟು... ಈಗ ಹೀಗೇ ಇರು."

ಅವಳು ಹಾಗೇ ಇದ್ದಳು.