ಬೂವನಹಳ್ಳಿ ಗೋದಾಮಿನ ಏಳು ಸೈಕಲ್‌ಗಳು

2025ರ ನವೆಂಬರ್ 10, ಸೋಮವಾರ ಬೆಳಗ್ಗೆ 9.40ಕ್ಕೆ ಸಂಜಯ್ ಎಂಬುವರು ಠಾಣೆಗೆ ಬಂದು ದೂರು ಕೊಟ್ಟರು. ಹಾಸನದಲ್ಲಿ ಅವರದು ಸೈಕಲ್ ಅಂಗಡಿ. ಹೊಸ ಸೀಸನ್‌ಗೆಂದು ತರಿಸಿದ್ದ ಏಳು ಸೈಕಲ್‌ಗಳನ್ನು ಬೂವನಹಳ್ಳಿಯ ಗೋದಾಮಿನಲ್ಲಿ ಇಟ್ಟಿದ್ದರು. ಬೆಳಗ್ಗೆ ಬಾಗಿಲು ತೆಗೆದರೆ ಏಳರ ಬ್ರೇಕ್ ಪೈಪ್‌ಗಳನ್ನೂ ಯಾರೋ ಕತ್ತರಿಸಿ ಹಾಕಿದ್ದರು.

ಸೈಕಲ್ ಬ್ರೇಕಿಗೂ ಎಫ್‌ಐಆರ್ ಬೇಕೇ ಎಂಬಂತೆ ಹೆಡ್ ಕಾನ್‌ಸ್ಟೇಬಲ್ ಚನ್ನಬಸವಯ್ಯ ಪೆನ್ನು ಕೆಳಗಿಟ್ಟರು. ಒಂದೊಂದಕ್ಕೆ ಏಳು ಲಕ್ಷ ಎಂದು ಕೇಳಿದ ಮೇಲೆ ಮತ್ತೆ ಎತ್ತಿಕೊಂಡರು. ಅತಿಕ್ರಮ ಪ್ರವೇಶ ಮತ್ತು ಆಸ್ತಿಗೆ ಹಾನಿ ಎಂದು ಪ್ರಕರಣ ದಾಖಲಾಯಿತು.

ಇನ್‌ಸ್ಪೆಕ್ಟರ್ ಸ್ನೇಹಲತಾ 11.15ಕ್ಕೆ ಸ್ಥಳಕ್ಕೆ ಹೋದರು. ತಗಡಿನ ಗೋದಾಮು, ಒಂದೇ ಬಾಗಿಲು. ಬೀಗ ಒಡೆದಿರಲಿಲ್ಲ. ಸೈಕಲ್‌ಗಳು ಸಾಲಾಗಿ ನಿಂತಿದ್ದವು. ಟೈರುಗಳು ಮೋಟಾರ್ ಬೈಕಿನವಷ್ಟು ದಪ್ಪ, ಮುಂದಿನ ಚಕ್ರ ದೊಡ್ಡದು, ಹಿಂದಿನದು ಸ್ವಲ್ಪ ಚಿಕ್ಕದು. ಅದು ಈ ವರ್ಷದ ಹೊಸ ವಿನ್ಯಾಸವೆಂದು ಸಂಜಯ್ ವಿವರಿಸಿದರು. ನಾಲ್ಕು ಡೌನ್‌ಹಿಲ್ ಸೈಕಲ್‌ಗಳು, ಬೆಟ್ಟದ ನೆತ್ತಿಯಿಂದ ನೇರ ವೇಗವಾಗಿ ಇಳಿಯುವುದಕ್ಕೆ. ಉಳಿದ ಮೂರು ಫ್ರೀರೈಡ್, ಎತ್ತರದಿಂದ ಹಾರುವುದಕ್ಕೆ, ಗಾಳಿಯಲ್ಲಿ ತಿರುಗುವುದಕ್ಕೆ. ಬರುವ ಭಾನುವಾರ, ಹದಿನಾರನೇ ತಾರೀಖು, ಅರಕಲಗೂಡಿನ ಕಡೆಯ ಗುಡ್ಡದಲ್ಲಿ ಇವುಗಳ ಪ್ರದರ್ಶನ ಇತ್ತು. ಹೊಳೆನರಸೀಪುರದ ಅನುಶ್ರೀ ಏಳನ್ನೂ ಒಂದಾದ ಮೇಲೊಂದರಂತೆ ಗುಡ್ಡದಿಂದ ಇಳಿಸುವವಳಿದ್ದಳು. ಇಪ್ಪತ್ತೆರಡು ವರ್ಷದ ಆ ಹುಡುಗಿಯ ಆಳೆತ್ತರದ ಚಿತ್ರ ಗೋದಾಮಿನ ಗೋಡೆಯ ಮೇಲೂ ಇತ್ತು.

ಪೈಪಿನಿಂದ ಸುರಿದ ಬ್ರೇಕ್ ಎಣ್ಣೆ ನೆಲಕ್ಕೆ ಇಂಗಿ ಕಲೆಯಾಗಿತ್ತು. ಪಂಚರ ಸಮ್ಮುಖದಲ್ಲಿ ಮಹಜರು ಬರೆಸುತ್ತಾ ಸ್ನೇಹಲತಾ ಎರಡು ಸಂಗತಿ ಗಮನಿಸಿದರು. ಪೈಪ್‌ಗಳನ್ನು ಕದ್ದುಮುಚ್ಚಿ ಗೀರಿರಲಿಲ್ಲ. ಹ್ಯಾಂಡಲಿನ ಎದುರಿಗೇ, ಕಣ್ಣಿಗೆ ರಾಚುವಂತೆ ತುಂಡು ಮಾಡಿದ್ದರು. ಸವಾರಿ ಮಾಡುವವರು ಬಿದ್ದು ಸಾಯಲಿ ಎಂದುಕೊಂಡವರು ಹೀಗೆ ಮಾಡುವುದಿಲ್ಲ. ಎರಡನೆಯದು, ಕತ್ತರಿಸಿದ ಜಾಗದ ಪಕ್ಕದಲ್ಲಿ ಬಣ್ಣ ಕಿತ್ತುಹೋಗಿತ್ತು. ಎಲ್ಲ ಸೈಕಲ್‌ಗಳಲ್ಲೂ ಹಾಗೆಯೇ. ಕಟಿಂಗ್ ಪ್ಲೇಯರ್ ಪೈಪನ್ನು ಬಿಟ್ಟು ಅರ್ಧ ಇಂಚು ಆಚೆ ಎರಡು ಮೂರು ಸಲ ಕಚ್ಚಿತ್ತು.

ಕೀ ಇದ್ದದ್ದು ಇಬ್ಬರ ಬಳಿ. ಒಂದು ಸಂಜಯ್ ಹತ್ತಿರ. ಶನಿವಾರ ರಾತ್ರಿ ಸೈಕಲ್‌ಗಳು ಸರಿಯಾಗಿದ್ದುದನ್ನು ಅವರೇ ನೋಡಿದ್ದರು; ಭಾನುವಾರ ಅವರು ಮೈಸೂರಿನಲ್ಲಿ ಸಂಬಂಧಿಕರ ಮದುವೆಯಲ್ಲಿದ್ದರು. ಇನ್ನೊಂದು ಮೆಕ್ಯಾನಿಕ್ ಮನೋಹರನ ಹತ್ತಿರ.

"ಅವನೇ ಮೇಡಂ. ಇನ್ಯಾರು ಮಾಡ್ತಾರೆ?" ಎಂದರು ಸಂಜಯ್. ಮನೋಹರ ಅವರಲ್ಲಿ ಆರು ವರ್ಷದಿಂದ ಕೆಲಸ ಮಾಡುತ್ತಿದ್ದ.

ದುದ್ದದಿಂದ ಮನೋಹರನನ್ನು ಕರೆಸಿದರು. ಅವನ ಹಿಂದೆಯೇ ಬಸ್ಸು ಹತ್ತಿ ತಾಯಿ ಮಾದಮ್ಮ ಬಂದು ಠಾಣೆಯ ಅಂಗಳದ ಹೊಂಗೆಮರದ ಕೆಳಗೆ ಕೂತರು. ಮನೋಹರನಿಗೆ ಮೂವತ್ತರ ಆಸುಪಾಸು. ಭಾನುವಾರ ಗೋದಾಮಿಗೆ ಹೋಗಿದ್ದು ನಿಜ, ಗ್ರೀಸ್ ಹಾಕಿ ಹನ್ನೆರಡೂವರೆಗೆ ಹೊರಟೆ ಎಂದ.

"ಕೀ ಎಲ್ಲಿತ್ತು?"

"ನನ್ ತಾವೇ ಇತ್ತು ಮೇಡಂ."

"ಯಾರಿಗೂ ಕೊಡಲಿಲ್ಲವಾ?"

"ಇಲ್ಲ ಮೇಡಂ."

ಉತ್ತರ ಕೊಡುವ ಮೊದಲು ಅವನು ಕಿಟಕಿಯ ಕಡೆ ನೋಡಿದ. ಸ್ನೇಹಲತಾ ಅವನ ಕೈಗೆ ಕಟಿಂಗ್ ಪ್ಲೇಯರ್ ಕೊಟ್ಟು, ಹಳೆಯ ಪೈಪಿನ ತುಂಡನ್ನು ಮೇಜಿನ ಕಾಲಿಗೆ ಕಟ್ಟಿಸಿ, ಕತ್ತರಿಸಲು ಹೇಳಿದರು. ಒಂದೇ ಏಟಿಗೆ ನೀಟಾಗಿ ತುಂಡಾಯಿತು. ಬೇಡವೆಂದರೂ ಇನ್ನೊಂದು ಸಲ ಕಣ್ಣು ಮುಚ್ಚಿಕೊಂಡು, ಪೈಪನ್ನು ಬೆರಳಲ್ಲೇ ಸವರಿ ಕತ್ತರಿಸಿ ತೋರಿಸಿದ.

"ಅಂಗೆ ಬಣ್ಣ ಕೆರೆಯೋ ಅಂತ ಕೈಯಲ್ಲ ಮೇಡಂ ಇದು," ಎಂದ.

"ಗೊತ್ತಾಯ್ತು. ನೀನು ಮಾಡಿಲ್ಲ. ಮತ್ತೆ ಯಾರನ್ನ ಕಾಪಾಡ್ತಿದ್ದೀಯ?"

ಮನೋಹರ ಪ್ಲೇಯರನ್ನು ಒರೆಸಿ ಮೇಜಿನ ಮೇಲಿಟ್ಟ. ಸಂಜೆ ಅವನನ್ನು ಮನೆಗೆ ಕಳಿಸಿ, ದಿನಾ ಒಂಬತ್ತಕ್ಕೆ ಬಂದು ಹಾಜರಾಗಲು ಹೇಳಿದರು. ಸಂಜಯ್ ಅಷ್ಟರಲ್ಲೇ ಅವನನ್ನು ಕೆಲಸದಿಂದ ತೆಗೆದಿದ್ದರು. ಮರುದಿನ ತಾಯಿ ಮಗ ಮೊದಲ ಬಸ್ಸಿಗೇ ಬಂದು ಠಾಣೆಯ ಮುಂದೆ ನಿಂತಿದ್ದರು. ಮಾದಮ್ಮ ಇನ್‌ಸ್ಪೆಕ್ಟರನ್ನು ಒಂದೇ ಮಾತು ಕೇಳಿದರು.

"ಇವನು ಒಪ್ಕಂಡ್ರೂ ಜೈಲು, ಒಪ್ಕಳ್ದಿದ್ರೂ ಇಂಗೇ ದಿನಾ ಬರ್ಬೇಕು. ನಾವು ಯಾವ ಕಡೀಕೆ ಓಗನವ್ವ?"

ಸ್ನೇಹಲತಾ ಅಂದಿನ ಹಾಜರಿಗೆ ಮನೋಹರನ ಸಹಿ ಹಾಕಿಸಿಕೊಂಡು ಇಬ್ಬರನ್ನೂ ಬಸ್ಸಿಗೆ ಕಳಿಸಿದರು.

ನವೆಂಬರ್ 11ರಂದು ಚನ್ನಬಸವಯ್ಯ ಗೋದಾಮಿನ ರಸ್ತೆಯ ಬೇಕರಿಯೊಂದರ ಸಿಸಿಟಿವಿ ನೋಡಿಬಂದರು. ಭಾನುವಾರ 12.34ಕ್ಕೆ ಮನೋಹರನ ಬೈಕ್ ವಾಪಸ್ ಹೋಗಿತ್ತು. 12.51ಕ್ಕೆ ಬೂದು ಬಣ್ಣದ ಸ್ಕೂಟರ್ ಒಂದು ಗೋದಾಮಿನ ಕಡೆ ತಿರುಗಿ, 1.42ಕ್ಕೆ ಹಿಂದಿರುಗಿತ್ತು. ಓಡಿಸುತ್ತಿದ್ದವಳು ಹೆಂಗಸು, ತಲೆಗೆ ಹೆಲ್ಮೆಟ್. ನಂಬರ್ ಕಾಣಿಸಲಿಲ್ಲ.

12ರ ಬೆಳಗ್ಗೆ ಪ್ರದರ್ಶನಕ್ಕೆ ಸಂಬಂಧಪಟ್ಟವರೆಲ್ಲರ ಹೇಳಿಕೆ ಪಡೆದರು. ಅನುಶ್ರೀಯೂ ಬಂದಿದ್ದಳು. ಭಾನುವಾರ ಪೂರ್ತಿ ಹೊಳೆನರಸೀಪುರದ ಮನೆಯಲ್ಲೇ ಇದ್ದೆ ಎಂದಳು. ಹೇಳಿಕೆಯನ್ನು ಓದಿ ಸಹಿ ಮಾಡಲು ಕೊಟ್ಟಾಗ ತಲೆಯನ್ನು ಓರೆ ಮಾಡಿ, ಎಡಗಣ್ಣು ಮುಚ್ಚಿಕೊಂಡು ಓದಿದಳು. ಪೆನ್ನಿಗೆಂದು ಚಾಚಿದ ಕೈ ಪೆನ್ನಿನ ಪಕ್ಕದ ಮೇಜನ್ನು ಮುಟ್ಟಿತು. ಎರಡನೇ ಸಲಕ್ಕೆ ಪೆನ್ನು ಸಿಕ್ಕಿತು.

ಸ್ನೇಹಲತಾ ಅದನ್ನು ಗಮನಿಸಿ ಅವಳನ್ನು ಕಳಿಸಿಕೊಟ್ಟರು. ಅವಳ ಮೊಬೈಲಿನ ಕರೆ ವಿವರ ಕೇಳಿ ಪತ್ರ ಕಳಿಸಿ, ಮಧ್ಯಾಹ್ನ ಅರಕಲಗೂಡಿನ ಗುಡ್ಡಕ್ಕೆ ಜೀಪು ತಿರುಗಿಸಿದರು. ಪ್ರದರ್ಶನ ರದ್ದಾಗಿದ್ದರೂ ಹಾರುವುದಕ್ಕೆ ಕಟ್ಟಿದ್ದ ಹಲಗೆಯ ಅಟ್ಟಣೆಗಳನ್ನು ಇನ್ನೂ ಬಿಚ್ಚಿರಲಿಲ್ಲ. ಎಲ್ಲಕ್ಕಿಂತ ದೊಡ್ಡದು ಎರಡಾಳೆತ್ತರ. ಅಲ್ಲಿಂದ ಹಾರಿ ಇಪ್ಪತ್ತು ಅಡಿ ಆಚೆಯ ಇಳಿಜಾರಿನಲ್ಲಿ ಇಳಿಯಬೇಕು. ಹಲಗೆಯ ಅಗಲ ಮೂರು ಅಡಿಯೂ ಇರಲಿಲ್ಲ. ಅನುಶ್ರೀಯ ಹಿಂದೆ, ಅವಳ ಚಕ್ರದ ಗುರುತನ್ನೇ ಹಿಡಿದು, ಎಂಟು ಹುಡುಗಿಯರು ತಮ್ಮ ಸೈಕಲ್‌ಗಳಲ್ಲಿ ಹಾರುವುದೆಂದು ನಿಗದಿಯಾಗಿತ್ತು ಎಂದು ಅಲ್ಲಿನ ಕಾವಲುಗಾರ ಹೇಳಿದ. ಇದೇ ಏಪ್ರಿಲ್‌ನಲ್ಲಿ ಅನುಶ್ರೀ ಇಲ್ಲಿ ತಲೆಕೆಳಗಾಗಿ ಬಿದ್ದು ಹೆಲ್ಮೆಟ್ ಒಡೆದುಕೊಂಡಿದ್ದಳಂತೆ. ನಾಲ್ಕನೇ ದಿನಕ್ಕೆ ಅವಳಪ್ಪ ಮತ್ತೆ ಸೈಕಲ್ ಹತ್ತಿಸಿದರು, ಗಟ್ಟಿ ಹುಡುಗಿ ಎಂದು ಅವನು ಮೆಚ್ಚಿಕೊಂಡ.

13ರ ಬೆಳಗ್ಗೆ ಕರೆ ವಿವರ ಬಂತು. ಭಾನುವಾರ 12.48ರಿಂದ 1.44ರವರೆಗೆ ಅನುಶ್ರೀಯ ಮೊಬೈಲ್ ಬೂವನಹಳ್ಳಿಯ ಟವರ್ ವ್ಯಾಪ್ತಿಯಲ್ಲಿತ್ತು. ಜೂನ್‌ನಿಂದೀಚೆಗೆ ಚನ್ನರಾಯಪಟ್ಟಣದ ಒಂದೇ ನಂಬರಿಗೆ ಹನ್ನೊಂದು ಕರೆ ಹೋಗಿದ್ದವು. ಅದು ಕಣ್ಣಿನ ವೈದ್ಯರೊಬ್ಬರ ಕ್ಲಿನಿಕ್. ಚನ್ನಬಸವಯ್ಯ ಪತ್ರ ಹಿಡಿದು ಹೋದರು. ಅನುಶ್ರೀಯ ನಂಬರಿನಿಂದ ಕರೆ ಮಾಡಿ ಬಂದಿದ್ದ ರೋಗಿಯ ಹೆಸರು ದೀಪಶ್ರೀ ಎಂದು ಬರೆಸಲಾಗಿತ್ತು. ತಲೆಗೆ ಪೆಟ್ಟಾಗಿ ಎರಡೆರಡು ಕಾಣುವ ತೊಂದರೆ. ಮೂರು ಸಲ ಬಂದವಳಿಗೆ ಮೂರು ಸಲವೂ ವೈದ್ಯರು ಶಸ್ತ್ರಚಿಕಿತ್ಸೆಯ ಮಾತು ಹೇಳಿದ್ದರು. ಮನೆಯವರನ್ನು ಕರೆದುಕೊಂಡು ಬಾ ಎಂದ ಮೇಲೆ ಅವಳು ಬರುವುದನ್ನು ನಿಲ್ಲಿಸಿದ್ದಳು.

ಠಾಣೆಯಲ್ಲಿ ಕ್ಲಿನಿಕ್ಕಿನ ಚೀಟಿಯ ಪ್ರತಿಯನ್ನು ಮನೋಹರನಿಗೆ ತೋರಿಸಿದರು. ಕೀ ಕೊಟ್ಟಿದ್ದು ನಿಜ ಎಂದ. ಗೋದಾಮಿನಿಂದ ವಾಪಸಾಗುವಾಗ ದಾರಿಯಲ್ಲಿ ಅನುಶ್ರೀ ಸಿಕ್ಕಿ, ಹೊಸ ಸೈಕಲ್‌ಗಳ ಮೇಲೆ ಒಂದು ಗಳಿಗೆ ಕೂತು ಬತ್ತೀನಿ ಅಣ್ಣ ಎಂದು ಕೇಳಿದ್ದಳು. ಸಂಜೆ ಕೀ ವಾಪಸ್ ಕೊಟ್ಟಿದ್ದಳು.

"ಕಣ್ಣಿನ ಇಸ್ಯ ನಂಗೊತ್ತಿರ್ಲಿಲ್ಲ. ಆ ಮಗೀಗೆ ನಾನೇ ಸೈಕಲ್ ಕಟ್ಕೊಡ್ತಿದ್ದೆ ಮೇಡಂ. ಎಂಗೆ ಎಸರೇಳಲಿ?"

ಅದೇ ದಿನ ಮಧ್ಯಾಹ್ನ 3.20ಕ್ಕೆ ಸ್ನೇಹಲತಾ ಹೊಳೆನರಸೀಪುರದ ಮನೆ ತಲುಪಿದರು. ಅಪ್ಪ ಪುಟ್ಟಸ್ವಾಮಿ ಕಾಲೇಜಿನಲ್ಲಿ ದೈಹಿಕ ಶಿಕ್ಷಣ ಬೋಧಕರಾಗಿದ್ದು ನಿವೃತ್ತರಾದವರು. ನಡುಮನೆಯ ಗೋಡೆಯ ತುಂಬ ಮಗಳ ಪದಕಗಳು. ಬಂದ ವಿಷಯ ತಿಳಿಸಿದಾಗ ಅವರು ನಕ್ಕುಬಿಟ್ಟರು.

"ನನ್ ಮಗಳು ಬ್ರೇಕ್ ಇಡಿಯೋದೇ ಕಮ್ಮಿ ಮೇಡಂ. ಕುಯ್ಯೋದೆಲ್ಲಿ ಬಂತು?"

ಸ್ನೇಹಲತಾ ಅವರನ್ನು ಜಗಲಿಯಲ್ಲಿ ಕೂರಿಸಿ ಒಳಗೆ ಹೋದರು. ಅನುಶ್ರೀ ಮಂಚದ ಅಂಚಿನಲ್ಲಿ ಕೂತಿದ್ದಳು.

"ದೀಪಶ್ರೀ ಯಾರು?"

ಅನುಶ್ರೀ ನೆಲ ನೋಡಿದಳು. ಅತ್ತಿಂದಿತ್ತ ಮುಖ ತಿರುಗಿಸಲಿಲ್ಲ, ಸುಳ್ಳು ಹುಡುಕಲಿಲ್ಲ. ಕೀ ತೆಗೆದುಕೊಂಡದ್ದು, ಕತ್ತರಿಸಿದ್ದು ಎಲ್ಲವನ್ನೂ ಒಪ್ಪಿಕೊಂಡು, ಸ್ಕೂಟರಿನ ಡಿಕ್ಕಿಯಲ್ಲಿದ್ದ ಕಟಿಂಗ್ ಪ್ಲೇಯರನ್ನು ತೋರಿಸಿದಳು. ಸ್ಥಳದಲ್ಲೇ ಪಂಚನಾಮೆ ಮಾಡಿ ಅದನ್ನು ಜಪ್ತಿ ಮಾಡಿದರು.

"ಆಗಲ್ಲ ಅಂತ ಹೇಳಬಹುದಿತ್ತಲ್ಲಮ್ಮ," ಎಂದರು ಸ್ನೇಹಲತಾ.

"ಜ್ವರ ಅಂದೆ ಮೇಡಂ, ಪ್ರದರ್ಶನಾನ ಮೂರು ವಾರ ಮುಂದಕ್ಕೆ ಆಕಿದ್ರು. ಕಾಲು ನೋವು ಅಂದೆ, ಅಪ್ಪನೇ ಎಣ್ಣೆ ತಿಕ್ಕಿ ಎಬ್ಬಿಸಿದ್ರು. ಕಣ್ಣು ಅಂದ್ರೆ ಎಲ್ಲ ಮುಗೀತು. ಸ್ಪೋರ್ಟ್ಸ್ ಕೋಟಾದಲ್ಲಿ ಕೆಲಸ ಬರೋದಿತ್ತು, ಅದೂ ಓಯ್ತು. ಸಂಜಯ್ ಸರ್ ಊರ ತುಂಬ ನನ್ನ ಫೋಟೋ ಆಕಿದ್ರು. ಅಪ್ಪ ದಿನಾ ಯಾರಾದ್ರೂ ಒಬ್ರಿಗೆ ನನ್ ಮಗಳಿಗೆ ಭಯ ಇಲ್ಲ ಅಂತ ಹೇಳೋರು, ನಾನು ಪಕ್ಕದಲ್ಲೇ ನಿಂತಿರ್ತಿದ್ದೆ."

ಬಾಗಿಲಾಚೆ ಜಗಲಿಯ ಕಡೆ ಒಮ್ಮೆ ನೋಡಿ ಮತ್ತೆ ಹೇಳಿದಳು.

"ಮೇಲಿಂದ ಇಳೀವಾಗ ಎರಡು ಹಲಗೆ ಕಾಣ್ತವೆ. ಯಾವ್ದು ನಿಜ ಅಂತ ಚಕ್ರ ಹತ್ತಿದ ಮೇಲೇ ಗೊತ್ತಾಗೋದು. ನಾನೊಬ್ಳೇ ಆಗಿದ್ರೆ ಎಂಗೋ ಓಗಿಬಿಡ್ತಿದ್ದೆ. ಹಿಂದೆ ಎಂಟು ಜನ ಬರ್ತಾರೆ."

ಮನೋಹರನ ಹೆಸರು ಬಂದಾಗ ಮಾತ್ರ ಅವಳು ಅತ್ತಳು. ಅವನನ್ನು ಹಿಡಿಯುತ್ತಾರೆಂದು ತನಗೆ ಹೊಳೆದಿರಲಿಲ್ಲ, ಹಿಡಿದ ಮೇಲೆ ನಿಜ ಹೇಳಲೆಂದು ಎರಡು ಸಲ ಬಸ್ ಸ್ಟ್ಯಾಂಡಿನವರೆಗೆ ಹೋಗಿ ವಾಪಸ್ ಬಂದೆ ಎಂದಳು.

ಸಂಜೆ 4.10ಕ್ಕೆ ಬಂಧನದ ಮೆಮೊಗೆ ಸಹಿಯಾಯಿತು. ಪುಟ್ಟಸ್ವಾಮಿ ಒಂದೇ ಸಮನೆ, ಅವಳಿಗೆ ಏನೂ ಆಗಿಲ್ಲ, ಯಾರನ್ನೋ ಉಳಿಸಲು ಸುಳ್ಳು ಹೇಳುತ್ತಿದ್ದಾಳೆ ಎನ್ನುತ್ತಿದ್ದರು. ಜೀಪಿನ ಹಿಂದೆ ತಮ್ಮ ಸ್ಕೂಟರಿನಲ್ಲಿ ಹಾಸನದವರೆಗೂ ಬಂದರು.

ಬಂಧಿತರನ್ನು ನ್ಯಾಯಾಲಯಕ್ಕೆ ಹಾಜರುಪಡಿಸುವ ಮುನ್ನ ವೈದ್ಯಕೀಯ ಪರೀಕ್ಷೆ ಆಗಬೇಕು. ಆಸ್ಪತ್ರೆಯ ಕೊಠಡಿಯಲ್ಲಿ ವೈದ್ಯೆ ನಮೂನೆ ತುಂಬುತ್ತಾ, ಎಲ್ಲರನ್ನೂ ಕೇಳುವಂತೆ, ದೇಹಕ್ಕೆ ಏನಾದರೂ ತೊಂದರೆ ಇದೆಯೇ ಎಂದು ಕೇಳಿದರು.

"ಇದೆ," ಎಂದಳು ಅನುಶ್ರೀ.

ವೈದ್ಯೆ ತಲೆ ಎತ್ತಿ, ಅವಳ ಮುಖದ ಎದುರು ಕೆಳಗೆ ಎಡಕ್ಕೆ ಒಂದು ಬೆರಳು ಹಿಡಿದು, ಎಷ್ಟು ಎಂದರು.

"ಎರಡು."

ಬಾಗಿಲಲ್ಲಿ ನಿಂತಿದ್ದ ಪುಟ್ಟಸ್ವಾಮಿ ಆ ಬೆರಳನ್ನು ನೋಡಿದರು. ಮಗಳನ್ನು ನೋಡಿದರು.

"ಯಾವಾಗಿಂದವ್ವ?"

"ಏಪ್ರಿಲ್‌ನಿಂದ ಅಪ್ಪ."

ಅವರು ಬಾಗಿಲ ಚೌಕಟ್ಟು ಹಿಡಿದುಕೊಂಡರು. ಏಪ್ರಿಲ್‌ನಿಂದ ಈಚೆಗೆ ಆ ಗುಡ್ಡದಿಂದ ಮಗಳನ್ನು ಎಷ್ಟು ಸಲ ಇಳಿಸಿದ್ದೆ ಎಂದು ನೆನೆಯುತ್ತಿದ್ದರೋ ಏನೋ, ತುಟಿ ಅಲುಗುತ್ತಿತ್ತು.

ಅಂದು ಸ್ನೇಹಲತಾ ಕೇಸ್ ಡೈರಿಯಲ್ಲಿ ಕೃತ್ಯದ ಉದ್ದೇಶವನ್ನು ಹೀಗೆ ಬರೆದರು: ಆರೋಪಿಗೆ ಯಾರ ಮೇಲೂ ದ್ವೇಷವಿರಲಿಲ್ಲ, ಲಾಭದ ಆಸೆ ಇರಲಿಲ್ಲ. ತನ್ನಿಂದ ಆಗುವುದಿಲ್ಲ ಎಂದು ಹೇಳಿದರೆ ಕೇಳುವವರು ಆಕೆಗೆ ಯಾರೂ ಸಿಕ್ಕಿರಲಿಲ್ಲ.