ಸತ್ತವನು ಬೆಳಿಗ್ಗೆ ಗೇಟು ದಾಟಿದ

ಹನ್ನೊಂದನೇ ತಾರೀಕು ಮಂಗಳವಾರ ಬೆಳಿಗ್ಗೆ ಹತ್ತಕ್ಕೆ ಆ ಹೆಂಗಸು ಠಾಣೆಯ ಮೆಟ್ಟಿಲು ಹತ್ತುವ ಹೊತ್ತಿಗೆ ಅವಳ ಗಂಡನ ಹೆಸರಿಗೆ ಮಸಿ ಬಳಿದು ಆಗಿತ್ತು. ಕೋಲ್ಡ್ ಸ್ಟೋರೇಜ್ ಕಂಪನಿಯ ಮ್ಯಾನೇಜರ್ ಏಳೂವರೆಗೇ ಫೋನ್ ಮಾಡಿ, ನಮ್ಮ ಲೋಡರ್ ಒಬ್ಬ ರಾತ್ರಿಯೆಲ್ಲ ಎಲ್ಲೋ ಕುಡಿದು, ಬೆಳಿಗ್ಗೆ ಬೇಗ ಬಂದು ಶೈತ್ಯದ ಕೋಣೆಯಲ್ಲಿ ಮಲಗಿ ಸತ್ತಿದ್ದಾನೆ ಎಂದು ತಿಳಿಸಿದ್ದ. ಹೆಡ್ ಕಾನ್‌ಸ್ಟೇಬಲ್ ಅದನ್ನು ಅಕ್ಷರ ಬಿಡದೆ ಅಸಹಜ ಸಾವಿನ ವರದಿಯಲ್ಲಿ ಬರೆದುಕೊಂಡಿದ್ದ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿಯವನು ಅವನು.

ಹೆಂಗಸು ಬಟ್ಟೆ ಕಾರ್ಖಾನೆಯಲ್ಲಿ ಹೊಲಿಗೆ ಕೆಲಸದವಳು. ಜೊತೆಗೆ ಅವಳ ಅಕ್ಕನ ಗಂಡ ಬಂದಿದ್ದ. ಅದೇ ಕೋಲ್ಡ್ ಸ್ಟೋರೇಜಿನಲ್ಲಿ ಸೂಪರ್‌ವೈಸರ್. ಷಡ್ಡಕನಿಗೆ ಅಲ್ಲಿ ಕೆಲಸ ಕೊಡಿಸಿದವನೂ ಅವನೇ, ಬೆಳಿಗ್ಗೆ ಹೆಣ ಮೊದಲು ಕಂಡವನೂ ಅವನೇ. ಅವಳಿಗಿಂತ ಅವನೇ ಹೆಚ್ಚು ಮಾತಾಡಿದ. ನಿನ್ನೆ ಸಂಜೆ ಷಡ್ಡಕ ಯಾರೋ ಗೆಳೆಯರ ಜೊತೆ ಗೇಟಿನಿಂದ ಹೊರಗೆ ಹೋದದ್ದನ್ನು ದೂರದಿಂದ ನೋಡಿದೆನೆಂದೂ, ಆದದ್ದು ಆಯಿತು, ಕೇಸು ಗೀಸು ಎಂದರೆ ಹೆಣ ಕೈಗೆ ಸಿಗುವುದೇ ತಡವಾಗುತ್ತದೆಂದೂ ಹೇಳಿದ. ಅವನ ಮಾತು ಮುಗಿಯುವವರೆಗೆ ಅವಳು ಗೋಡೆ ನೋಡುತ್ತ ನಿಂತಿದ್ದಳು.

"ಕುಡ್ದಿದ್ದ, ಮಲಗಿದ್ದ ಅಂತ ಬರ್ದಿದೀರಂತೆ," ಎಂದಳು ಇನ್‌ಸ್ಪೆಕ್ಟರಿಗೆ. "ಅದನ್ನ ಹೊಡೆದು ಹಾಕಿ."

"ರಾತ್ರಿ ಮನೆಗೆ ಬಂದಿದ್ರಾ?"

"ಇಲ್ಲ."

"ಮತ್ತೆ ಎಲ್ಲಿದ್ರು?"

"ಅದನ್ನ ನೀವು ಹೇಳ್ಬೇಕು ಸಾರ್. ಅವ್ರು ಕುಡಿಯೋರಲ್ಲ. ಕೆಲ್ಸದ ಜಾಗದಲ್ಲಿ ಬೆನ್ನು ಊರೋರೂ ಅಲ್ಲ. ನಿಮ್ಮಪ್ಪ ಕುಡ್ದು ಸತ್ತ ಅಂತ ನನ್ನ ಮಗಳಿಗೆ ಊರೆಲ್ಲ ಹೇಳುತ್ತೆ. ನಾನು ಅದನ್ನ ಕೇಳ್ಕೊಂಡು ಇರಲ್ಲ."

ಇನ್‌ಸ್ಪೆಕ್ಟರಿಗೆ ಠಾಣೆಯವರು ಇಟ್ಟ ಹೆಸರು ಕುಕ್ಕರ್ ಸಾಹೇಬ್ರು. ಮೂರು ಸಲ ಉಸಿರು ಬಿಟ್ಟ ಮೇಲೆ ಕೂಗುವ ಮನುಷ್ಯ. ಆ ದಿನ ಒಂದೇ ಸಲಕ್ಕೆ ಕೂಗಿದರು. ಸಂಜೆ ಒಬ್ಬ ಬದುಕಿದ್ದ, ಬೆಳಿಗ್ಗೆ ಸತ್ತಿದ್ದಾನೆ, ನಡುವಿನದನ್ನು ಕಂಪನಿಯವರು ಹೇಳಿದ್ದೇ ವೇದವಾಕ್ಯವೇ ಎಂದು ಹೆಡ್ ಕಾನ್‌ಸ್ಟೇಬಲ್‌ನನ್ನು ಎಲ್ಲರೆದುರು ಬೈದು, ಅವಳ ದೂರನ್ನು ಅವಳದೇ ಮಾತಿನಲ್ಲಿ ಬರೆಸಿ ಎಫ್‌ಐಆರ್ ದಾಖಲಿಸಿದರು. ಹನ್ನೊಂದೂವರೆಗೆ ಜೀಪು ಗೋದಾಮಿನ ಮುಂದೆ ನಿಂತಿತು.

ಕೋಣೆಯ ಬಾಗಿಲು ಒಂದು ಗೇಣು ದಪ್ಪ. ಒಳಗೆ ಚಾವಣಿಯವರೆಗೂ ಪೆಟ್ಟಿಗೆಗಳು. ಉಸಿರು ಬಿಟ್ಟರೆ ಮೀಸೆಯ ಮೇಲೆ ಹೆಪ್ಪುಗಟ್ಟುವ ಚಳಿ. ಸತ್ತವನು ಬಾಗಿಲಿಗೆ ಹೆಗಲು ಕೊಟ್ಟು ಕುಳಿತಿದ್ದ. ಬಲಗೈಯ ಗವುಸು ಹರಿದಿತ್ತು. ಒಳಗಿನಿಂದ ಬಾಗಿಲು ತೆರೆಯುವ ಹಿಡಿ ಬುಡದಲ್ಲೇ ಮುರಿದಿತ್ತು, ಮುರಿದ ಜಾಗ ತುಕ್ಕು ಹಿಡಿದು ಹಳೆಯದಾಗಿತ್ತು. ನಿದ್ದೆ ಮಾಡುವವನು ಎಲ್ಲಾದರೂ ಬಾಗಿಲು ನೂಕುತ್ತ ನಿದ್ದೆ ಮಾಡುತ್ತಾನೆಯೇ? ಇದನ್ನು ಕಂಡ ಮೇಲೂ ಕುಡಿದು ಮಲಗಿದ ಎಂದು ಫೋನ್ ಮಾಡಿದ ನಾಲಿಗೆಗೆ ಏನೆನ್ನಬೇಕೋ ತಿಳಿಯದು.

ಪಂಚನಾಮೆ ಬರೆಸುವಾಗ ಮಹಿಳಾ ಕಾನ್‌ಸ್ಟೇಬಲ್ ಒಂದು ಸಂಗತಿ ಗಮನಿಸಿದಳು. ಸತ್ತವನ ಹುಬ್ಬು, ಕಾಲರು, ಜಾಕೆಟ್ಟಿನ ಎದೆ ಎಲ್ಲದರ ಮೇಲೂ ಬಿಳಿಯ ಹಿಮದ ಪುಡಿ ಕೂತಿತ್ತು. ಕೊರಳಿನ ದಾರದ ಮೇಲೆ ಮಾತ್ರ ಇರಲಿಲ್ಲ. ಆ ದಾರದಲ್ಲಿ ಬೆಂಕಿಪೊಟ್ಟಣದಷ್ಟು ದೊಡ್ಡ ಪ್ಲಾಸ್ಟಿಕ್ ಟ್ಯಾಗ್ ನೇತಾಡುತ್ತಿತ್ತು.

ಟ್ಯಾಗಿನ ಬಗ್ಗೆ ಮ್ಯಾನೇಜರ್ ಹೆಮ್ಮೆಯಿಂದ ಹೇಳತೊಡಗಿದ. ಅವನು ಎರಡು ವಾಕ್ಯ ಮುಗಿಸುವ ಮೊದಲೇ ಇನ್‌ಸ್ಪೆಕ್ಟರ್ ಕೈ ಎತ್ತಿ, ಯಂತ್ರ ನೋಡಿಕೊಳ್ಳುವ ಟೆಕ್ನಿಷಿಯನ್‌ಳನ್ನು ಕರೆಸಿದರು. ಅವಳು ಸರಳವಾಗಿ ತಿಳಿಸಿದಳು. ಅಂಗಡಿಯ ಬಟ್ಟೆಗೆ ಅಂಟಿಸುವ ಟ್ಯಾಗು, ಓದುವ ಯಂತ್ರ ಹತ್ತಿರ ಬಂದರೆ ಮಾತ್ರ ಉತ್ತರ ಕೊಡುತ್ತದೆ. ಇದು ಹಾಗಲ್ಲ. ಒಳಗೆ ಬ್ಯಾಟರಿ ಇದೆ. ಯಾರೂ ಕೇಳದಿದ್ದರೂ ಎರಡೆರಡು ಸೆಕೆಂಡಿಗೆ ತನ್ನ ನಂಬರು ತಾನೇ ಕೂಗುತ್ತಿರುತ್ತದೆ. ಚಾವಣಿಗೆ ಜೋಡಿಸಿದ ಸಣ್ಣ ಯಂತ್ರಗಳು ಆ ಕೂಗು ಕೇಳಿ, ಎಲ್ಲಿಂದ ಬಂತೆಂದು ಪರದೆಯ ಮೇಲೆ ಚುಕ್ಕೆ ಇಡುತ್ತವೆ. ಸಾಮಾನಿಗೆ ಹಸಿರು ಚುಕ್ಕೆ, ಮನುಷ್ಯರಿಗೆ ನೀಲಿ. ನೀಲಿ ಚುಕ್ಕೆ ಐದು ನಿಮಿಷ ಅಲುಗಾಡದಿದ್ದರೆ ಸೂಪರ್‌ವೈಸರ್ ಫೋನಿಗೆ ಸಂದೇಶ ಹೋಗುತ್ತದೆ. ಶೈತ್ಯದ ಕೋಣೆಯಲ್ಲಿ ಇಪ್ಪತ್ತು ನಿಮಿಷ ಮೀರಿದರೆ ಸೈರನ್ ಕೂಗಿ, ಎಲ್ಲರೂ ಹೊರಬಂದು ಮೈ ಕಾಯಿಸಿಕೊಳ್ಳಬೇಕು. ಒಳಗೆ ಒಂದೇ ಒಂದು ನೀಲಿ ಚುಕ್ಕೆ ಇದ್ದರೂ ಬಾಗಿಲು ಮುಚ್ಚಿಕೊಳ್ಳುವುದಿಲ್ಲ.

"ಮತ್ತೆ ಇವ್ನ ಮೇಲೆ ಹೇಗೆ ಮುಚ್ಕೊಂಡಿತು?"

"ಅವನು ಬೆಳಿಗ್ಗೆ ಕದ್ದು ಬಂದು ಒಳಗೆ..." ಎಂದು ಮ್ಯಾನೇಜರ್ ನಡುವೆ ಬಾಯಿ ಹಾಕಿದ.

"ನಿಮ್ಮನ್ನ ಕೇಳ್ಲಿಲ್ಲ."

ಟೆಕ್ನಿಷಿಯನ್ ಹಿಂದಿನ ದಿನದ ಚಲನೆಯನ್ನು ಪರದೆಯ ಮೇಲೆ ಮತ್ತೆ ಓಡಿಸಿದಳು. ಮಧ್ಯಾಹ್ನದಿಂದ ಸತ್ತವನ ಚುಕ್ಕೆ ಅಂಗಳದಲ್ಲಿ ಸುತ್ತುತ್ತಿತ್ತು. ಅದರ ಜೊತೆ ಇನ್ನೂ ಮೂರು. ನಾಲ್ಕೂ ಒಂದಕ್ಕೊಂದು ಅಂಟಿಕೊಂಡು, ಒಂದೇ ವೇಗದಲ್ಲಿ, ಒಂದೇ ತಿರುವಿನಲ್ಲಿ ತಿರುಗುತ್ತಿದ್ದವು. ಒಂದೇ ಹಗ್ಗಕ್ಕೆ ಕಟ್ಟಿದ ಕರುಗಳ ಹಾಗೆ.

"ನಾಲ್ಕು ಜನ ಹೀಗೆ ನಡೀತಾರಾ?" ಎಂದರು ಇನ್‌ಸ್ಪೆಕ್ಟರ್. "ಇದು ಎಷ್ಟು ದಿನದಿಂದ?"

ಅವಳು ಹಿಂದಿನ ವಾರ, ಹಿಂದಿನ ತಿಂಗಳು ತೆರೆದು ತೋರಿಸಿದಳು. ಎಲ್ಲ ದಿನವೂ ಹಾಗೆಯೇ. ಇದನ್ನು ಯಾರೂ ನೋಡಲಿಲ್ಲವೇ ಎಂದು ಮ್ಯಾನೇಜರನ್ನು ಕೇಳಿದಾಗ ಅವನು ಕೊಟ್ಟ ಉತ್ತರವನ್ನು ಪಂಚನಾಮೆಯಲ್ಲಿ ಸೇರಿಸಲು ಅವಕಾಶವಿರಲಿಲ್ಲ. ಇನ್‌ಸ್ಪೆಕ್ಟರ್ ತಮ್ಮ ಡೈರಿಯಲ್ಲಿ ಬರೆದುಕೊಂಡರು.

"ಚುಕ್ಕೆ ನಿಂತ್ರೆ ಮಾತ್ರ ನಾವು ನೋಡೋದು ಸಾರ್."

ಆ ದಾರಿಯಲ್ಲಿ ದಿನವಿಡೀ ಓಡಾಡುವುದು ಪೆಟ್ಟಿಗೆ ಎತ್ತಿ ಸಾಗಿಸುವ ಫೋರ್ಕ್‌ಲಿಫ್ಟ್ ಗಾಡಿ ಒಂದೇ. ಅದರ ಚಾಲಕ ಮೊದಲು ಬಾಯಿಗೆ ಬೀಗ ಹಾಕಿಕೊಂಡ. ಇನ್‌ಸ್ಪೆಕ್ಟರ್ ಅವನನ್ನು ಹೆಣದ ಮುಂದೆ ನಿಲ್ಲಿಸಿದ ಮೇಲೆ ಬೀಗ ತಾನಾಗಿಯೇ ಬಿತ್ತು. ಇಪ್ಪತ್ತು ನಿಮಿಷಕ್ಕೊಮ್ಮೆ ಸೈರನ್ ಕೂಗಿದರೆ ಲೋಡು ಮುಗಿಯುವುದಿಲ್ಲವೆಂದು ಸೂಪರ್‌ವೈಸರೇ ಈ ಪದ್ಧತಿ ಮಾಡಿದ್ದ. ಕೋಣೆಗೆ ಹೋಗುವ ಮುಂಚೆ ನಾಲ್ವರೂ ಟ್ಯಾಗ್ ಬಿಚ್ಚಿ ಫೋರ್ಕ್‌ಲಿಫ್ಟಿನ ಕೊಕ್ಕೆಗೆ ನೇತುಹಾಕಬೇಕು. ಟ್ಯಾಗು ಅಂಗಳ ಸುತ್ತುತ್ತದೆ, ಪರದೆಗೆ ಖುಷಿ. ಮನುಷ್ಯರು ಒಂದು ಗಂಟೆ, ಒಂದೂವರೆ ಗಂಟೆ ಹೊರಬರದೆ ಪೆಟ್ಟಿಗೆ ಹೊರುತ್ತಾರೆ. ಸೋಮವಾರ ಸಂಜೆ ಮೂವರು ಹೊರಬಂದು ತಮ್ಮ ತಮ್ಮ ಟ್ಯಾಗ್ ತೆಗೆದುಕೊಂಡರು. ನಾಲ್ಕನೆಯವನು ಹಿಂದಿನ ಸಾಲಿನಲ್ಲಿ ಪೆಟ್ಟಿಗೆ ಸರಿಪಡಿಸುತ್ತಿದ್ದ.

"ಬರ್ತಾನೆ ಅಂದ್ಕೊಂಡು ಹೋದೆ," ಎಂದ ಚಾಲಕ. "ಒಂದು ಟ್ಯಾಗ್ ಕೊಕ್ಕೇಲೇ ಇತ್ತು. ಸೂಪರ್‌ವೈಸರ್ ಅಲ್ಲೇ ನಿಂತಿದ್ರು."

ಸತ್ತವನು ಹೊರಗೆ ಹೋಗಿರಲೇ ಇಲ್ಲ, ಆದರೆ ಅವನ ಟ್ಯಾಗ್ ಹೋಗಿತ್ತು. ಗೇಟಿನ ದಾಖಲೆ ತೆಗೆದಾಗ ಸತ್ತವನ ಚುಕ್ಕೆ ಸಂಜೆ ಆರೂ ಹತ್ತಕ್ಕೆ ಗೇಟು ದಾಟಿ, ಬೆಳಿಗ್ಗೆ ಏಳಕ್ಕೆ ಹತ್ತು ನಿಮಿಷ ಇರುವಾಗ ಮತ್ತೆ ಒಳಬಂದಿತ್ತು. ಗೇಟಿನಲ್ಲಿ ಮೊದಲಿದ್ದ ಕಾವಲುಗಾರರನ್ನು ಪರದೆ ಇದೆಯಲ್ಲ ಎಂದು ಕಂಪನಿ ತೆಗೆದುಹಾಕಿತ್ತು. ಒಳಗಿನ ಹಿಡಿ ರಿಪೇರಿಯಾಗದೆ ಉಳಿದದ್ದೂ ಅದೇ ಕಾರಣಕ್ಕೆ. ಗೇಟು ದಾಟಿದ ಎರಡು ಸಲವೂ ಸತ್ತವನ ಚುಕ್ಕೆಯ ಪಕ್ಕದಲ್ಲಿ ಇನ್ನೊಂದೇ ಚುಕ್ಕೆ. ಅದು ಸೂಪರ್‌ವೈಸರ್‌ದು.

ಬುಧವಾರ ಮಧ್ಯಾಹ್ನ ಮರಣೋತ್ತರ ಪರೀಕ್ಷೆಯ ವರದಿ ಬಂತು. ಹೊಟ್ಟೆಯಲ್ಲಿ ಮದ್ಯ ಇಲ್ಲ. ಸಾವು ಆದದ್ದು ಮಂಗಳವಾರ ಬೆಳಗಾಗುವುದಕ್ಕೆ ಬಹಳ ಮೊದಲು. ಸತ್ತವನು ಎದ್ದು ಗೇಟು ದಾಟಿ ಕೆಲಸಕ್ಕೆ ಬರಲಾರ. ನಾಲ್ಕು ಗಂಟೆಗೆ ಸೂಪರ್‌ವೈಸರನ್ನು ಠಾಣೆಗೆ ಕರೆಸಿದರು.

"ಸೋಮವಾರ ಸಂಜೆ ಅವನು ಯಾರ ಜೊತೆ ಹೋದ?"

"ಯಾರೋ ಗೆಳೆಯರು ಸಾರ್. ದೂರದಿಂದ ನೋಡ್ದೆ."

"ಎಷ್ಟು ದೂರ?"

"ಒಂದು... ಐವತ್ತು ಹೆಜ್ಜೆ."

ಇನ್‌ಸ್ಪೆಕ್ಟರ್ ಗೇಟಿನ ಚಿತ್ರವನ್ನು ಅವನ ಮುಂದೆ ಇಟ್ಟರು. ಎರಡು ಚುಕ್ಕೆಗಳ ನಡುವೆ ಒಂದು ಕೂದಲೆಳೆಯೂ ತೂರುವಂತಿರಲಿಲ್ಲ.

"ಇದು ಹೆಜ್ಜೆಯಲ್ಲ, ಜೇಬು," ಎಂದರು. "ಬಾಗಿಲು ಯಾಕೆ ತೆಗೀಲಿಲ್ಲ?"

ಅವನು ಚಿತ್ರವನ್ನು ಮಗುಚಿ ಇಟ್ಟ. ಆಮೇಲೆ ಹೇಳಿದ್ದು ಇಷ್ಟು. ಬಾಗಿಲು ಮುಚ್ಚುವ ಗುಂಡಿ ಒತ್ತಿ ತಿರುಗಿದಾಗ ಕೊಕ್ಕೆಯಲ್ಲಿ ಉಳಿದ ಟ್ಯಾಗ್ ಕಂಡಿತು. ಮುಚ್ಚಿದ ಬಾಗಿಲನ್ನು ಪಾಳಿ ಮುಗಿದ ಮೇಲೆ ತೆರೆದರೆ ಮ್ಯಾನೇಜರ್ ಫೋನಿಗೆ ತಕ್ಷಣ ಸಂದೇಶ ಹೋಗುತ್ತದೆ. ಚುಕ್ಕೆಯಿಲ್ಲದ ಮನುಷ್ಯ ಒಳಗಿಂದ ಹೇಗೆ ಬಂದ ಎಂದು ಕೇಳುತ್ತಾರೆ, ಟ್ಯಾಗ್ ಬಿಚ್ಚಿಸುವ ವಿಷಯ ಬಯಲಾಗುತ್ತದೆ. ಬಹುಶಃ ಟ್ಯಾಗ್ ಮರೆತು ಮನೆಗೆ ಹೋಗಿರಬೇಕು ಎಂದು ತನಗೆ ತಾನೇ ಹೇಳಿಕೊಂಡು, ಅದನ್ನು ಜೇಬಿಗಿಳಿಸಿದ. ಬೆಳಿಗ್ಗೆ ಬಂದು ಅದನ್ನೇ ಹೆಣದ ಕೊರಳಿಗೆ ಹಾಕಿದ.

"ಒಳಗಿಂದ ಬಡಿದದ್ದು ಕೇಳಿಸ್ತಾ?"

"ಬಾಗಿಲು ದಪ್ಪ ಸಾರ್."

"ಕೇಳಿಸ್ತಾ ಅಂದೆ."

"ಕೇಳಿಸ್ತು."

ಕುಕ್ಕರ್ ಸಾಹೇಬರು ಕೂಗುತ್ತಾರೆಂದು ಎಲ್ಲರೂ ಕಾದರು. ಅವರು ಕೂಗಲಿಲ್ಲ. ಎದ್ದು ಹೋಗಿ ಕಿಟಕಿಯ ಬಳಿ ನಿಂತು, ಬಂಧನದ ಕಾಗದ ಬರೆಯಲು ಹೇಳಿದರು. ಹಿಡಿ ಸರಿಮಾಡಿಸದ, ಸುತ್ತುವ ಚುಕ್ಕೆಗಳನ್ನು ತಿಂಗಳುಗಟ್ಟಲೆ ಕಂಡೂ ಕಾಣದಂತಿದ್ದ ಮ್ಯಾನೇಜರನ್ನು ಎರಡನೇ ಆರೋಪಿಯೆಂದು ಸೇರಿಸಲು ಹೇಳಿದಾಗ, ಅದು ನಿಲ್ಲುವುದು ಕಷ್ಟ ಎಂದ ಹೆಡ್ ಕಾನ್‌ಸ್ಟೇಬಲ್. ಬೀಳುವುದಾದರೆ ಕೋರ್ಟಿನಲ್ಲಿ ಬೀಳಲಿ, ನಿನ್ನ ಪೆನ್ನಿನಲ್ಲಿ ಬೀಳುವುದು ಬೇಡ ಎಂದರು.

ಬೀಗ ಹಾಕುವ ಮೊದಲು ಸೂಪರ್‌ವೈಸರ್ ಕೇಳದೆಯೇ ಷೂ ಬಿಚ್ಚಿ ಎಡಗಾಲು ತೋರಿಸಿದ. ಎರಡು ಬೆರಳು ಇರಲಿಲ್ಲ. ಒಂಬತ್ತು ವರ್ಷ ಅವನೂ ಅದೇ ಕೋಣೆಯಲ್ಲಿ ಲೋಡರ್ ಆಗಿದ್ದ. ಯಾವ ಸೂಪರ್‌ವೈಸರನ ಲೋಡು ಹಿಂದೆ ಬೀಳುತ್ತದೋ ಅವನನ್ನು ಮತ್ತೆ ಪೆಟ್ಟಿಗೆ ಹೊರಲು ಕಳಿಸುವುದು ಆ ಕಂಪನಿಯ ಕ್ರಮ.

"ಮತ್ತೆ ಆ ಕೋಣೆಗೆ ಹೋಗೋಕೆ ನನ್ನಿಂದ ಆಗ್ತಿರ್ಲಿಲ್ಲ ಸಾರ್," ಎಂದ. "ಒಳಗೆ ಹೇಗಿರುತ್ತೆ ಅಂತ ನಂಗೆ ಗೊತ್ತು."

ಸಂಜೆ ಆ ಹೆಂಗಸನ್ನು ಕರೆಸಿ, ಕುಡಿದಿದ್ದ, ಮಲಗಿದ್ದ ಎಂಬ ಮಾತುಗಳು ಸುಳ್ಳೆಂದು ತನಿಖೆಯಲ್ಲಿ ದಾಖಲಾಗಿದೆಯೆಂದೂ, ಅವಳ ಗಂಡ ದುಡಿಯುತ್ತಲೇ ಸತ್ತನೆಂದೂ ಇನ್‌ಸ್ಪೆಕ್ಟರ್ ತಿಳಿಸಿದರು. ಯಾರು ಕಾರಣ ಎಂಬುದನ್ನೂ ತಿಳಿಸಿದರು. ಅವಳು ಅಳಲಿಲ್ಲ. ಎಷ್ಟು ಹೊತ್ತು ಜೀವ ಇತ್ತು ಎಂದು ಕೇಳಿದಳು. ಡಾಕ್ಟರು ಹೇಳಿದಂತೆ ರಾತ್ರಿ ಹತ್ತರವರೆಗಾದರೂ ಇದ್ದಿರಬೇಕು ಎಂದರು.

"ಎಂಟಕ್ಕೆ ಭಾವ ನಮ್ಮನೆಗೆ ಬಂದಿದ್ರು," ಎಂದಳು. "ನಿನ್ನ ಗಂಡ ಗೆಳೆಯರ ಜೊತೆ ಹೋದ, ಕಾಯ್ಬೇಡ ಅಂದ್ರು. ಟೀ ಕೇಳಿ ಕುಡಿದ್ರು. ಇನ್ನೊಂದ್ಸಲ ಕೇಳಿದ್ರು. ಯಾಕೋ ತುಂಬ ಚಳಿ ಆಗ್ತಿದೆ ಅಂದ್ರು ಸಾರ್. ನಾನು ನಮ್ಮನೆಯವ್ರ ಕಂಬಳಿ ತಂದು ಹೊದಿಸ್ದೆ."