ಹಳದಿ ಕ್ಯಾನಿನ ನೀರು

"ಅಯ್ಯೋ!"

ಮುದ್ದಮ್ಮ ನಡುಗುವ ಕೈಯಿಂದ ಕೊಟ್ಟ ನೀರಿನ ಲೋಟವನ್ನು ತುಟಿಯವರೆಗೆ ತಂದ ನಯನ, ಅದನ್ನು ಅಂಗಳಕ್ಕೆ ಚೆಲ್ಲಿಬಿಟ್ಟಳು. ಅಷ್ಟಕ್ಕೇ ನಿಲ್ಲಲಿಲ್ಲ, ಆ ನೀರು ತುಂಬಿದ್ದ, ಮೂಲೆಯ ಹಳದಿ ಕ್ಯಾನನ್ನೂ ಬೋರಲು ಹಾಕಿದಳು!

ಕೊಪ್ಪದ ಆ ಮನೆಗೆ ಅವಳು ಬಂದದ್ದು ಅದೇ ಮೊದಲು. ಮಂಡ್ಯದ ಆಸ್ಪತ್ರೆಯೊಂದರಿಂದ ಪಾರ್ಕಿನ್ಸನ್ ಎಂಬ ನಡುಕದ ಕಾಯಿಲೆಯ ರೋಗಿಗಳ ಸಮೀಕ್ಷೆಗೆ ಬರುತ್ತಿದ್ದವಳನ್ನು, ಹಾಲಿನ ಡೈರಿಯ ರವಿಚಂದ್ರ ಎರಡು ತಿಂಗಳಿಂದ ಬೈಕಿನಲ್ಲಿ ಬಸ್ ಸ್ಟ್ಯಾಂಡಿಗೆ ಬಿಡುತ್ತಿದ್ದ. ನಡೆದರೆ ಐದು ನಿಮಿಷದ ದಾರಿ. ಇವರಿಗೆ ಬೈಕಿನಲ್ಲಿ ಮುಕ್ಕಾಲು ಗಂಟೆ ಹಿಡಿಯುತ್ತಿತ್ತು. ಅವ್ವ ಮುದ್ದಮ್ಮನಿಗೆ ತೋರಿಸೋಣವೆಂದು ಇವತ್ತು ಕರೆತಂದಿದ್ದ.

ಗೋಡೆಯ ಮೇಲೆ ಬುದ್ಧನ ಪಟ. ಅದರ ಕೆಳಗೆ ನಿಂತ ರವಿಯ ಮುಖದಲ್ಲಿ ಮಾತ್ರ ಶಾಂತಿಯಿರಲಿಲ್ಲ.

"ನಮ್ಮ ಕೇರಿ ನೀರು ಗಂಟ್ಲಲ್ಲಿ ಇಳಿಯಲ್ವಾ ಮೇಡಂ?"

ಮೇಡಂ! ನಿನ್ನೆಯವರೆಗೆ ಬರೀ ನಯನ ಆಗಿದ್ದವಳು...

ಹೇಳಿಬಿಡಲೇ? ಕ್ಯಾನಿಗೆ ಅಂಟಿಸಿದ್ದ, ಅರ್ಧ ಅಳಿಸಿದ ಚೀಟಿಯ ಮೇಲೆ ಕಳೆ ಔಷಧಿಯ ಹೆಸರು ಅವಳಿಗೆ ಕಂಡಿತ್ತು. ಗದ್ದೆಗೆ ಔಷಧಿ ಹೊಡೆಯುವವನು ರವಿಯೇ. ಹೇಳಿದರೆ, ಈ ತಾಯಿಯ ಕೈ ನಡುಗಲು ಮಗನೇ ಕಾರಣ ಎಂದಂತಾಗುವುದಿಲ್ಲವೇ?

ಬಾಯಿ ತೆರೆದಳು... ಬಂದದ್ದು ಅಳು. ಚಪ್ಪಲಿ ಮೆಟ್ಟಿ ಹೊರಟೇಬಿಟ್ಟಳು.

"ಓಗ್ಲಿ ಬುಡವ್ವ," ಎಂದ ರವಿ.

"ಲೇ, ಅಸಯ್ಯ ಪಟ್ಕಂಡೋರು ಅಳ್ತಾರೇನ್ಲಾ?"

ರವಿ ಬೋರಲು ಬಿದ್ದಿದ್ದ ಕ್ಯಾನನ್ನು ಎತ್ತಿ ನಿಲ್ಲಿಸಿದ.

ಮರುದಿನ ಬೆಳಿಗ್ಗೆ ನಯನ ಡೈರಿಗೆ ಬಂದಳು.

"ಹಾಲು ತಂದಿದ್ರೆ ಅಳೀತೀನಿ. ಇಲ್ದಿದ್ರೆ ದಾರಿ ಬುಡಿ ಮೇಡಂ."

"ಹಾಲು ಯಾಕೆ ಒಡೆಯುತ್ತೆ, ರವಿ?"

"ಹುಳಿ ಬಿದ್ರೆ."

"ಮಿದುಳಲ್ಲೂ ಒಂದು ಪ್ರೋಟೀನು ಹಂಗೇ ಗಂಟುಗಂಟಾಗುತ್ತೆ. ಅವ್ವನ ಈ ಕಾಯಿಲೆಯಲ್ಲಿ ಆಗೋದು ಅದೇ. ಕೆಲವು ಕಳೆ ಔಷಧಿ ಆ ಹುಳಿ ಇರಬಹುದು ಅಂತ ಅನುಮಾನ... ಅವ್ವಂಗೆ ಅದರಿಂದ್ಲೇ ಬಂತು ಅಂತ ಯಾರೂ ಹೇಳಕ್ಕಾಗಲ್ಲ. ಆದ್ರೆ ಆ ಕ್ಯಾನು..."

ಅವನ ಕೈಯಲ್ಲಿದ್ದ ಅಳತೆ ಪಾತ್ರೆ ಟಣ್ಣನೆ ಕೆಳಗೆ ಬಿತ್ತು. ಸಾಲಿನಲ್ಲಿದ್ದವರು ಹಾಲು ಮರೆತು ಕಿವಿಯಾದರು.

"ತೊಳ್ದು ತಂದುಕೊಟ್ಟೋನು ನಾನೇ, ನಯನ... ಆರು ವರ್ಷ ಆಯ್ತು."

"ಗೊತ್ತು. ಅದಕ್ಕೇ ನಿನ್ನೆ ಹೇಳೋಕೆ ಬಾಯಿ ಬರಲಿಲ್ಲ."

ನಯನಳನ್ನು ಕರೆದುಕೊಂಡು ಮನೆಗೆ ಬಂದವನೇ ರವಿ ಆ ಕ್ಯಾನನ್ನು ಮಚ್ಚಿನಿಂದ ಸೀಳಿ ಹಾಕಿದ. ಮುದ್ದಮ್ಮ ಸ್ಟೀಲ್ ಬಿಂದಿಗೆಯಿಂದ ಬಗ್ಗಿಸಿ ತಂದ ಲೋಟ, ನಯನಳ ಕೈ ಸೇರುವಷ್ಟರಲ್ಲಿ ಅರ್ಧವಾಗಿತ್ತು.

"ಚೆಲ್ಲೋಯ್ತು ಕಣವ್ವ..."

"ನಿನ್ನೆ ನಾನು ಚೆಲ್ಲಿದಷ್ಟು ಇಲ್ಲ ಬಿಡಿ ಅವ್ವ." ಒಂದು ಹನಿ ಬಿಡದೆ ಕುಡಿದಳು.

ರವಿ ಮೆಲ್ಲಗೆ ಕೇಳಿದ, "ದಿನಾ ಬತ್ತೀಯಾ?"

"ದಿನಾ ಬರಲ್ಲ... ಒಂದೇ ಸಲ ಬರ್ತೀನಿ. ಆಮೇಲೆ ಬಸ್ ಸ್ಟ್ಯಾಂಡಿಗೆ ಬಿಡೋ ಹಂಗಿಲ್ಲ!"